ತೊಂಬತ್ತು ಅಂಕಿ, ಇಪ್ಪತ್ತೈದು ಮನೆ

ಪಾಠ ನಡೆಯುತ್ತಿರುವಾಗಲೇ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಸಾಗುವ ಒಂದು ಆಟ ಕರ್ನಾಟಕದ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಓದಿದ ಬಹಳ ಮಂದಿಗೆ ಗೊತ್ತು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಡ್ಡ ಐದು, ಉದ್ದ ಐದು ಮನೆ ಬರೆದು, 1ರಿಂದ 25ರವರೆಗಿನ ಅಂಕಿಗಳನ್ನು ಮನಬಂದಂತೆ ತುಂಬಿಕೊಳ್ಳಬೇಕು. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಅಂಕಿ ಹೇಳುತ್ತಾರೆ, ಎಲ್ಲರೂ ಅದನ್ನು ಹೊಡೆದುಹಾಕುತ್ತಾರೆ. ಒಂದು ಸಾಲು ಮುಗಿದರೆ BINGO ಪದದ ಒಂದು ಅಕ್ಷರ. ಐದು ಸಾಲನ್ನು ಮೊದಲು ಮುಗಿಸಿದವರದು ಬಿಂಗೊ. ಅಂಕಿ ಹೇಳಿದ ದನಿ ಮೇಷ್ಟರ ಕಿವಿಗೆ ಬಿತ್ತೋ, ಆಟ ಅಲ್ಲಿಗೇ ನಿಂತಿತು.

ಹೀಗೆ ಬೆಂಚಿನಲ್ಲಿ ಕಲಿತ ಆಟದ ಸೋದರಿಯಾದ ತಂಬೋಲವನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಇಪ್ಪತ್ತು–ಇಪ್ಪತ್ತೈದರ ಹುಡುಗ ಹುಡುಗಿಯರು ಈಗ ಮನೆಯ ಮಹಡಿಯ ಮೇಲೆ ಆಡತೊಡಗಿದ್ದಾರೆ. ವಾರವಿಡೀ ಬೆಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡುವವರಿಗೆ ಗೆಳೆಯರ ಜತೆ ಕೂರಲು ಸಿಗುವುದು ಭಾನುವಾರದ ಸಂಜೆ, ಇಲ್ಲವೇ ಯಾರದೋ ಹುಟ್ಟುಹಬ್ಬ. ಚೀಟಿಯಲ್ಲಿ ಬರಿಯ ಅಂಕಿ ಇದ್ದರೆ ಅವರಿಗೆ ಸಾಲದು. ಅಂಕಿಯ ಜಾಗಕ್ಕೆ ಕನ್ನಡ ಸಿನಿಮಾದ ಹೆಸರೋ ತಿಂಡಿಯ ಹೆಸರೋ ಕ್ರಿಕೆಟ್ ಆಟಗಾರರ ಹೆಸರೋ ಬರುತ್ತದೆ. ಇದಕ್ಕೆ ಥೀಮ್ ತಂಬೋಲ ಎನ್ನುತ್ತಾರೆ. ಸೀಮಂತ, ಗೃಹಪ್ರವೇಶ, ಮದುವೆಯ ಹಿಂದಿನ ದಿನದ ಮೆಹೆಂದಿ ಶಾಸ್ತ್ರದಲ್ಲೂ ಇದು ಸೇರಿಕೊಂಡಿದೆ. 2020ರ ಲಾಕ್‌ಡೌನ್‌ನಲ್ಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚೀಟಿ ಹಂಚಿ, ವಿಡಿಯೊ ಕರೆಯಲ್ಲಿ ಅಂಕಿ ಕೂಗಿ ಆಡಿದ ಮೇಲೆ, ಅದುವರೆಗೆ ತಂಬೋಲವನ್ನೇ ಕಾಣದ ಮನೆಗಳಿಗೂ ಅದು ಪರಿಚಯವಾಯಿತು.

ಇದೆಲ್ಲ ಪೇಟೆಯ ಹೊಸ ಗೀಳು, ನಮ್ಮದಲ್ಲದ್ದು ಎಂದು ಹಿರಿಯರು ಹೇಳುವುದುಂಟು. ಅರ್ಧ ಮಾತ್ರ ನಿಜ. ಅಂಕಿಯ ಚೀಟಿ ಹೊರಗಿನಿಂದ ಬಂದದ್ದು ಹೌದು. ಆದರೆ ಅದೃಷ್ಟದ ಆಟಕ್ಕೆ ಕಥೆ ತೊಡಿಸುವ ಅಭ್ಯಾಸ ಕನ್ನಡನಾಡಿನಲ್ಲಿ ಮೊದಲಿನಿಂದಲೂ ಇದೆ.

ಹೊರಗಿನಿಂದ ಬಂದದ್ದನ್ನು ಮೊದಲು ನೋಡೋಣ. 16ನೆಯ ಶತಮಾನದ ಇಟಲಿಯ ಜಿನೋವಾ ನಗರದಲ್ಲಿ ಆಡಳಿತ ಮಂಡಳಿಯ ಸದಸ್ಯರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾರ ಹೆಸರು ಬಂದೀತು ಎಂದು ಜನ ಪಣ ಕಟ್ಟತೊಡಗಿದರು. ಮುಂದೆ ಹೆಸರುಗಳ ಜಾಗಕ್ಕೆ ಅಂಕಿಗಳು ಬಂದವು. ತೊಂಬತ್ತರಲ್ಲಿ ಐದನ್ನು ಎತ್ತುವ ಲಾಟರಿಯಾಗಿ ಅದು ಇಟಲಿಯ ತುಂಬ ಹರಡಿತು. 18ನೆಯ ಶತಮಾನದ ನೇಪಲ್ಸ್‌ನಲ್ಲಿ ಇದೇ ತೊಂಬತ್ತು ಅಂಕಿಗಳು ಮನೆಯೊಳಗೆ ಬಂದು ಟೊಂಬೊಲಾ ಎಂಬ ಕ್ರಿಸ್‌ಮಸ್ ಆಟವಾದವು. ನೇಪಲ್ಸಿನವರ ವಿಶೇಷವೆಂದರೆ ಅವರಲ್ಲಿ ಒಂದೊಂದು ಅಂಕಿಗೂ ಒಂದೊಂದು ಚಿತ್ರವಿದೆ, ಅರ್ಥವಿದೆ. ಅಂಕಿ ಕೂಗುವವರು ಆ ಅರ್ಥಗಳನ್ನು ಪೋಣಿಸಿ ಕಥೆ ಕಟ್ಟುತ್ತಾ ಹೋಗುತ್ತಾರೆ.

ಬ್ರಿಟಿಷರ ಸೈನ್ಯ ಮತ್ತು ನೌಕಾಪಡೆಯಲ್ಲಿ ಈ ಆಟ ಹೌಸಿ, ತಂಬೋಲ ಎಂಬ ಹೆಸರುಗಳಲ್ಲಿ ನೆಲೆಯೂರಿತು. ದಂಡಿನ ಜತೆಗೆ ಭಾರತಕ್ಕೂ ಬಂತು. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ಸ್ಥಾಪನೆಯಾಗಿತ್ತು, 1868ರಲ್ಲಿ ಬೆಂಗಳೂರು ಕ್ಲಬ್ ಹುಟ್ಟಿತು. ಸೈನ್ಯದ ಮೆಸ್ಸು, ಕ್ಲಬ್ಬು, ರೈಲ್ವೆ ಇನ್‌ಸ್ಟಿಟ್ಯೂಟ್, ಆಂಗ್ಲೋ ಇಂಡಿಯನ್ ಕುಟುಂಬಗಳ ಸಂಜೆಕೂಟ, ಇವೇ ದಕ್ಷಿಣ ಭಾರತದಲ್ಲಿ ಹೌಸಿ ನಡೆದು ಬಂದ ದಾರಿ. ಅಲ್ಲಿಂದ ಅಧಿಕಾರಿಗಳ ಮನೆಯ ಹೆಂಗಸರ ಕೂಟಗಳಿಗೆ, ಲೇಡೀಸ್ ಕ್ಲಬ್ಬುಗಳಿಗೆ, ಕಿಟ್ಟಿ ಪಾರ್ಟಿಗಳಿಗೆ ಇಳಿಯಿತು.

ಅಮೆರಿಕದ ದಾರಿ ಬೇರೆ. 1929ರಲ್ಲಿ ನ್ಯೂಯಾರ್ಕಿನ ಆಟಿಕೆ ವ್ಯಾಪಾರಿ ಎಡ್ವಿನ್ ಲೋ ಜಾರ್ಜಿಯಾ ರಾಜ್ಯದ ಒಂದು ಜಾತ್ರೆಯಲ್ಲಿ ಬೀನೊ ಎಂಬ ಆಟ ಕಂಡ. ಅಂಕಿ ಮುಚ್ಚಲು ಅಲ್ಲಿ ಬಳಸುತ್ತಿದ್ದದ್ದು ಒಣಗಿದ ಅವರೆಯಂಥ ಕಾಳು. ಅದನ್ನೇ ಲೋ ಬಿಂಗೊ ಎಂದು ಮಾರುಕಟ್ಟೆಗೆ ತಂದ. ಅದರಲ್ಲಿ 75 ಅಂಕಿಗಳು, ಅಡ್ಡ ಐದು ಉದ್ದ ಐದು ಮನೆಯ ಹಲಗೆ. ನಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯುವುದು ಇದರದೇ ಸಂಕ್ಷಿಪ್ತ ರೂಪ. ಮಹಡಿಯ ಮೇಲೆ ಆಡುವ ತಂಬೋಲವಾದರೋ ಬ್ರಿಟಿಷ್ ರೀತಿಯದು. ಚೀಟಿಯಲ್ಲಿ ಮೂರು ಸಾಲು, ಸಾಲಿಗೆ ಒಂಬತ್ತು ಮನೆ. ಒಟ್ಟು 27 ಮನೆಗಳಲ್ಲಿ ಸಾಲಿಗೆ ಐದರಂತೆ 15 ಅಂಕಿ, ಉಳಿದದ್ದು ಖಾಲಿ. ಆರು ಚೀಟಿಗಳ ಒಂದು ಪೂರ್ತಿ ಹಾಳೆಯಲ್ಲಿ ತೊಂಬತ್ತು ಅಂಕಿಗಳೂ ಒಂದೊಂದು ಸಲ ಬಂದಿರುತ್ತವೆ. ಬಹುಮಾನಗಳೆಂದರೆ ಅರ್ಲಿ ಫೈವ್, ಟಾಪ್ ಲೈನ್, ನಾಲ್ಕು ಮೂಲೆ, ಕೊನೆಗೆ ಫುಲ್ ಹೌಸ್. ತಪ್ಪಾಗಿ ಕೂಗಿದರೆ ಬೋಗಿ, ಆ ಚೀಟಿ ಆಟದಿಂದ ಹೊರಕ್ಕೆ.

ಅಡ್ಡ ಐದು ಉದ್ದ ಐದು ಎಂದೊಡನೆ ಹಳೆ ಮೈಸೂರು ಸೀಮೆಯ ಯಾವ ಅಜ್ಜಿಗಾದರೂ ನೆನಪಾಗುವುದು ಚೌಕಾಬಾರ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕಡೆ ಕಟ್ಟೆ, ನಟ್ಟನಡುವೆ ಹಣ್ಣಾಗುವ ಮನೆ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಅಮೆರಿಕದ ಹಲಗೆಯಲ್ಲೂ ನಡುಮನೆ ವಿಶೇಷವಾದದ್ದೇ, ಅದು ಎಲ್ಲರಿಗೂ ಪುಕ್ಕಟೆ. ಚೌಕಾಬಾರದಲ್ಲಿ ನಡುಮನೆ ಸೇರುವುದಕ್ಕೇ ಇಡೀ ಹೋರಾಟ. ಎರಡಕ್ಕೂ ನಂಟಿಲ್ಲ. ಆದರೂ ಬಿಂಗೊ ಹಲಗೆ ಕೈಗೆ ಬಂದಾಗ ಇಲ್ಲಿಯ ಮಕ್ಕಳಿಗೆ ಅದು ಅಪರಿಚಿತ ಎನಿಸದಿದ್ದುದಕ್ಕೆ ಈ ಜಗಲಿಯೂ ಒಂದು ಕಾರಣ ಎನ್ನಬಹುದು.

ಕನ್ನಡನಾಡಿನಲ್ಲಿ ಆಟದ ಬರಹ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳು ಅರಸನ ವಿನೋದಗಳ ಸಾಲಿನಲ್ಲಿವೆ. ಅಡುಗೆ, ಆನೆ, ಸಂಗೀತದ ಬಗ್ಗೆ ಬರೆದಷ್ಟೇ ಶ್ರದ್ಧೆಯಿಂದ ಒಬ್ಬ ಅರಸ ಆಟದ ಬಗ್ಗೆಯೂ ಬರೆದ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಕೆತ್ತಿದ ಹುಲಿ–ಕುರಿ ಆಟದ ಗೆರೆಗಳು ಅದೇ ಶ್ರದ್ಧೆ ಸಾಮಾನ್ಯರಲ್ಲೂ ಇತ್ತು ಎನ್ನುವುದಕ್ಕೆ ಸಾಕ್ಷಿ.

ಥೀಮ್ ಎಂಬುದರ ನಿಜವಾದ ಪೂರ್ವಜ ಬೇಕೆಂದರೆ ಪರಮಪದ ಸೋಪಾನ ಪಟದ ಎದುರು ಕೂರಬೇಕು. ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ನಿದ್ದೆ ಬಾರದಿರಲೆಂದು ಆಡುತ್ತಿದ್ದ ಆಟ ಅದು. ಆಟದ ಬೆನ್ನೆಲುಬು ಬರಿಯ ಅದೃಷ್ಟ: ಬಿದ್ದ ಗರಕ್ಕೆ ತಕ್ಕಂತೆ ನಡೆ. ಆದರೆ ಮನೆಮನೆಗೂ ಹೆಸರಿದೆ. ಏಣಿಯ ಬುಡದಲ್ಲಿ ಸದ್ಗುಣ, ಹಾವಿನ ತಲೆಯಲ್ಲಿ ದುರ್ಗುಣ, ತುದಿಯಲ್ಲಿ ವೈಕುಂಠ. ಅಂಕಿ ಎಣಿಸುತ್ತಲೇ ಮಕ್ಕಳು ಅಸುರರ ಹೆಸರು, ಲೋಕಗಳ ಹೆಸರು, ಪಾಪಪುಣ್ಯದ ಲೆಕ್ಕ ಕಲಿತುಬಿಡುತ್ತಿದ್ದರು.

ಇದೇ ಕೆಲಸವನ್ನು ಅರಮನೆಯ ಮಟ್ಟದಲ್ಲಿ ಅತಿ ದೊಡ್ಡದಾಗಿ ಮಾಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ, 1799ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದು, 1831ರಲ್ಲಿ ಆಡಳಿತವನ್ನು ಬ್ರಿಟಿಷರಿಗೆ ಕಳೆದುಕೊಂಡ ಈ ದೊರೆ 1868ರಲ್ಲಿ ತೀರಿಕೊಳ್ಳುವವರೆಗೆ ಕಲೆ, ಗ್ರಂಥ, ಆಟಗಳಲ್ಲಿ ಮುಳುಗಿದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಗಂಜೀಫಾ ಎಲೆಗಳ ಆಟವನ್ನು ಅವರು ಛದ ಎಂಬ ಹೆಸರಿನಲ್ಲಿ ಹದಿಮೂರು ಬಗೆಯಾಗಿ ಬೆಳೆಸಿದರು. ಅದರಲ್ಲಿ ದೊಡ್ಡದಾದ ಜಗನ್ಮೋಹನ ಛದಕ್ಕೆ 360 ಎಲೆ. ಇಸ್ಪೀಟಿನಲ್ಲಿ ಆಟೀನು, ಕಳಾವರ ಇರುವ ಕಡೆ ಇಲ್ಲಿ ದೇವತೆಗಳು, ಗ್ರಹಗಳು, ಅವತಾರಗಳು. ಚದುರಂಗದ ಕುದುರೆ ಒಂದೇ ಮನೆಗೆ ಎರಡು ಸಲ ಕಾಲಿಡದೆ ಅರವತ್ನಾಲ್ಕು ಮನೆ ಸುತ್ತುವ ಒಗಟನ್ನೂ ಅವರು ಬಗೆಬಗೆಯಾಗಿ ಬಿಡಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂಥ ಆಟಗಳ ಚಿತ್ರಗಳು ಇವತ್ತಿಗೂ ಇವೆ. ಸಿನಿಮಾ ಹೆಸರಿನ ತಂಬೋಲ ಚೀಟಿ ತಯಾರಿಸುವ ಹುಡುಗಿ ಮತ್ತು ದಶಾವತಾರದ ಎಲೆ ಬರೆಸಿದ ಮಹಾರಾಜ ಮಾಡುವ ಕೆಲಸ ಒಂದೇ ಜಾತಿಯದು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ನಡುವೆ ಚನ್ನಪಟ್ಟಣವಿದೆ. ಆಡಲು ಬೇಕಾದ ಸಾಮಾನು ಮಾಡುವ ಊರು ಅದು. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬಿಗೆ ಆಸರೆ ಕೊಟ್ಟನೆಂಬ ಮಾತು ಊರಿನಲ್ಲಿ ನೆಲೆನಿಂತಿದೆ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಯ ಕಸುಬಿಗೆ ಅಳವಡಿಸಿದರು, ಅವರನ್ನು ಚನ್ನಪಟ್ಟಣ ಬೊಂಬೆಯ ಪಿತಾಮಹ ಎನ್ನುತ್ತಾರೆ. ಮರ ಹಾಲೆ ಮರ, ಊರವರ ಬಾಯಲ್ಲಿ ಆಲೆ ಮರ. ದಂತದ ಬಣ್ಣ, ಮೃದು, ಸೀಳು ಬಿಡದು. ಒಣಗಿದ ತುಂಡನ್ನು ಲೇತಿಗೆ ಕಚ್ಚಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆದು ಆಕಾರ ತರುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ, ಕೊನೆಗೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕುಂಚವೂ ಬೇಡ, ಒಣಗಲು ಕಾಯುವುದೂ ಬೇಡ.

ಬುಗುರಿ, ಗಿಲಕಿ, ಉಂಗುರಗೋಪುರದ ಜತೆಗೆ ಚದುರಂಗದ ಕಾಯಿ, ಪಗಡೆ ಕಾಯಿಯಂಥವೂ ಈ ಲೇತುಗಳಲ್ಲೇ ಹುಟ್ಟುತ್ತವೆ. ಈ ಶತಮಾನದ ಆರಂಭದಲ್ಲಿ ಅಗ್ಗದ ಚೀನಾ ಪ್ಲಾಸ್ಟಿಕ್ ಆಟಿಕೆ ಬಂದು ಅಪ್ಪಳಿಸಿದಾಗ ಎಷ್ಟೋ ಮನೆಗಳ ಲೇತು ನಿಂತವು. 2006ರ ಹೊತ್ತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳಿಗೆ ಹೊರದೇಶದ ಬೇಡಿಕೆಯೂ ಬಂತು. ಇಷ್ಟಾದರೂ ಚನ್ನಪಟ್ಟಣದ ಬೊಂಬೆ ಎಂದರೆ ಎಳೆಯ ಮಕ್ಕಳಿಗೆ ಎಂಬ ಎಣಿಕೆ ಹೋಗಿಲ್ಲ. ದೊಡ್ಡವರೂ ಆಡುವ ಆಟದ ಸಾಮಾನಿಗೆ ಈ ಕಸುಬಿನಲ್ಲಿ ಇರುವ ಅವಕಾಶವನ್ನು ಊರಿನ ಯುವಕರೇ ಇನ್ನೂ ಪೂರ್ತಿ ಕಂಡುಕೊಂಡಿಲ್ಲ, ಅದು ಬೇಸರದ ಸಂಗತಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು ನಾಡಿನ ಬೇರೆಬೇರೆ ಕಲೆಗಳಲ್ಲಿ ಮಾಡಿಸಿ, ದೊಡ್ಡವರೂ ಕೊಂಡು ಆಡುತ್ತಾರೆಂದು ತೋರಿಸಿಕೊಟ್ಟಿದೆ.

ಅಂಕಿಗೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಮುಂಬೈಯಲ್ಲಿ ಹುಟ್ಟಿದ ಮಟ್ಕಾ ದಂಧೆ ಕರ್ನಾಟಕದ ಊರೂರಿಗೆ ಓ.ಸಿ. ಎಂಬ ಹೆಸರಿನಲ್ಲಿ ಬಂದು ಕೂಲಿಯವರ ದಿನದ ದುಡಿಮೆ ನುಂಗಿತು. ಒಂದಂಕಿ ಲಾಟರಿಯೂ ಹಾಗೇ ಮನೆ ಮುರಿಯಿತು, 2007ರಲ್ಲಿ ರಾಜ್ಯ ಲಾಟರಿಯನ್ನೇ ನಿಷೇಧಿಸಿತು. ಮಗ ಅಂಕಿಯ ಆಟ ಆಡುತ್ತಾನೆ ಎಂದರೆ ತಾಯಿಗೆ ಆತಂಕವಾಗುವುದಕ್ಕೆ ಈ ನೆನಪು ಕಾರಣ, ಆ ಆತಂಕವನ್ನು ಹಗುರ ಮಾಡಬಾರದು. ಗೆಳೆಯರ ತಂಬೋಲದಲ್ಲಿ ಬಹುಮಾನ ಒಂದು ಡಬ್ಬಿ ಮೈಸೂರು ಪಾಕೋ ಸ್ಟೀಲಿನ ಬಟ್ಟಲೋ ಆಗಿರುವವರೆಗೆ ಅದು ಗಣೇಶನ ಪೆಂಡಾಲಿನ ಲಕ್ಕಿ ಡಿಪ್‌ನ ಸಾಲಿಗೆ ಸೇರುತ್ತದೆ. ಪಣ ಹಣವಾದ ದಿನ ಅದು ಬೇರೆಯೇ ವ್ಯವಹಾರ.

ಸಿನಿಮಾ, ಕ್ರಿಕೆಟ್ ಮುಗಿದ ಮೇಲೆ ಯಾವ ವಿಷಯ ಎಂದು ಹುಡುಕುವವರಿಗೆ ತಮ್ಮ ನಾಲ್ಕು ಊರುಗಳಷ್ಟು ಸಮೃದ್ಧವಾದ ವಿಷಯ ಬೇರೆ ಸಿಗಲಾರದು. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯಿಂದ ಮೂವತ್ತಾರು ಹೆಸರು ಆರಿಸುವುದು ಕಷ್ಟವಲ್ಲ. ಹೆಸರಿನ ತಂಬೋಲಕ್ಕೆ ತೊಂಬತ್ತು ಬೇಡ, ಆಟ ಎಳೆದುಹೋಗುತ್ತದೆ. ಚೀಟಿಗೆ ಹನ್ನೆರಡು ಮನೆ ಸಾಕು. ಹೆಸರು ಕೂಗುವ ಬದಲು ಸುಳಿವು ಕೊಟ್ಟರೆ ಆಟಕ್ಕೆ ರುಚಿ. ‘ಶೋಲೆ’ಯ ಗಬ್ಬರ್ ಕೂತ ಬಂಡೆ, 2012ರಿಂದ ರಣಹದ್ದುಗಳ ಧಾಮ: ರಾಮದೇವರಬೆಟ್ಟ. ಸಾಲು ಆಲದಮರ ಬೆಳೆಸಿದ ತಿಮ್ಮಕ್ಕನ ಊರು: ಮಾಗಡಿ ತಾಲ್ಲೂಕಿನ ಹುಲಿಕಲ್. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ: ಕನಕಪುರದ ಸಂಗಮ. ಎಚ್.ಎಲ್. ನಾಗೇಗೌಡರು ಕಟ್ಟಿದ ಲೋಕ: ರಾಮನಗರದ ಬಳಿಯ ಜಾನಪದ ಲೋಕ. ಸಾವನದುರ್ಗ, ಮಂಚನಬೆಲೆ, ಕಣ್ವ, ಕೆಂಗಲ್, ಕಬ್ಬಾಳು, ರೇಷ್ಮೆಗೂಡಿನ ಮಾರುಕಟ್ಟೆ ಇನ್ನೂ ಉಳಿದಿವೆ. ಸುಳಿವು ಯಾರಿಗೂ ಹೊಳೆಯದಿದ್ದರೆ ಮನೆಯ ಹಿರಿಯರನ್ನು ಕೇಳಬಹುದು ಎಂಬ ನಿಯಮ ಇಟ್ಟುಕೊಂಡರೆ, ಅಲ್ಲಿಯವರೆಗೆ ದೂರ ಕೂತಿದ್ದ ಅಜ್ಜ ಅಜ್ಜಿಯೂ ಆಟದೊಳಗೆ ಬರುತ್ತಾರೆ.

ಚೀಟಿಯನ್ನು ಪೆನ್ನಿನಲ್ಲಿ ಹೊಡೆದುಹಾಕಿದರೆ ಅದು ಒಂದೇ ಆಟಕ್ಕೆ ಮುಗಿಯಿತು. ರಟ್ಟಿನ ಮೇಲೆ ಬರೆದು ಬಿಲ್ಲೆ ಇಟ್ಟು ಮುಚ್ಚಿದರೆ ಎಷ್ಟು ಸಲವಾದರೂ ಆಡಬಹುದು. ಹತ್ತು ಜನ ಕೂತರೆ ತಲೆಗೆ ಹನ್ನೆರಡರಂತೆ 120 ಬಿಲ್ಲೆ ಬೇಕು. ಹಾಲೆ ಮರದಲ್ಲಿ ಕಡೆದು, ಊರಿಗೊಂದರಂತೆ ಕೆಂಪು, ಹಳದಿ, ಹಸಿರು, ನೀಲಿ ನಾಲ್ಕು ಬಣ್ಣದ ಅರಗು ಹಾಕಿಸಿಕೊಳ್ಳಲು ಚನ್ನಪಟ್ಟಣದ ಯಾವುದಾದರೂ ಲೇತಿನ ಮನೆಗೆ ಹೇಳಿದರಾಯಿತು.