ಸಿಡಿಲು ಬರೆಸಿದ ನಿಯಮಗಳು

ಚಂದ್ರನನ್ನು ಮುಟ್ಟಬಲ್ಲ ರಾಕೆಟ್ಟಿಗೆ ಮೋಡದ ಭಯವೇ ಎಂದು ನಾವು ನಗುವುದುಂಟು. ಆದರೆ ಆ ಭಯಕ್ಕೊಂದು ಇತಿಹಾಸವಿದೆ.

1969ರ ನವೆಂಬರ್ 14ರಂದು ಅಮೆರಿಕದ ಫ್ಲಾರಿಡಾದಲ್ಲಿ ಅಪೊಲೊ–12 ಮಳೆಯ ನಡುವೆಯೇ ಮೇಲೆದ್ದಿತು. ಮೊದಲ ನಿಮಿಷ ತುಂಬುವುದರೊಳಗೆ ಎರಡು ಬಾರಿ ಸಿಡಿಲು ಬಡಿಯಿತು. ನೌಕೆಯ ಮುಖ್ಯ ವಿದ್ಯುತ್ ಪೂರೈಕೆ ಕಡಿದುಹೋಯಿತು. ಭೂಮಿಯಲ್ಲಿದ್ದ ಜಾನ್ ಆರನ್ ಎಂಬ ತರುಣ ಇಂಜಿನಿಯರು ಸೂಚಿಸಿದ ಒಂದು ಸ್ವಿಚ್ಚಿನಿಂದ ಮಾಹಿತಿ ಮರಳಿ ಬಂತು. ರಾಕೆಟ್ಟಿಗೆ ದಾರಿ ತೋರುವ ಗಣಕ ಬೇರೆಯೇ ಇದ್ದುದರಿಂದ ಅದು ದಾರಿ ತಪ್ಪಲಿಲ್ಲ. ಮೂವರು ಯಾತ್ರಿಕರೂ ಕ್ಷೇಮವಾಗಿ ಹಿಂದಿರುಗಿದರು.

ಸಿಡಿಲು ಬಂದುದಾದರೂ ಎಲ್ಲಿಂದ? ಮಿಂಚದ ಮೋಡದಲ್ಲೂ ವಿದ್ಯುತ್ ಶೇಖರವಾಗಿರಬಹುದು. ರಾಕೆಟ್ಟು ಮತ್ತು ಅದರ ಬೆಂಕಿಯ ಬಾಲ ಸೇರಿ ಉದ್ದನೆಯ ತಂತಿಯಂತಾಗಿ ತಾವೇ ಸಿಡಿಲನ್ನು ಕರೆಯುತ್ತವೆ.

ಇದು ತಿಳಿದಿದ್ದರೂ, 1987ರ ಮಾರ್ಚ್ 26ರಂದು ಅದೇ ತೀರದಿಂದ ಅಟ್ಲಾಸ್–ಸೆಂಟಾರ್ ರಾಕೆಟ್ಟನ್ನು ದಟ್ಟ ಮೋಡದೊಳಕ್ಕೆ ಹಾರಿಸಿದರು. ಸಿಡಿಲಿನಿಂದ ಗಣಕದ ಸ್ಮರಣೆ ಕೆಟ್ಟಿತು. ರಾಕೆಟ್ಟು ಥಟ್ಟನೆ ಹೊರಳಿ ಒಡೆದು, ಉಪಗ್ರಹದೊಡನೆ ನಾಶವಾಯಿತು. ಅದರಲ್ಲಿ ಮನುಷ್ಯರಿರಲಿಲ್ಲವೆಂಬುದೊಂದೇ ಸಮಾಧಾನ.

ಆ ಬಳಿಕ ನಿಯಮಗಳು ಬಿಗಿಯಾದವು. ನೆಲದ ಮೇಲಿನ ವಿದ್ಯುತ್ ಕ್ಷೇತ್ರವನ್ನು ಅಳೆಯುವುದು, ಹತ್ತಿರ ಮಿಂಚಿದರೆ ಅರ್ಧ ಗಂಟೆ ಕಾಯುವುದು, ಹಿಮಗಟ್ಟುವಷ್ಟು ಎತ್ತರಕ್ಕೆ ಚಾಚಿದ ದಪ್ಪ ಮೋಡದಿಂದ ದೂರವಿರುವುದು, ಹೀಗೆ. 2020ರ ಮೇ 27ರಂದು ಇಬ್ಬರು ಯಾತ್ರಿಕರು ನೌಕೆಯಲ್ಲಿ ಕುಳಿತಾಗಿತ್ತು. ಇನ್ನೇನು 17 ನಿಮಿಷವಿರುವಾಗ ಉಡ್ಡಯನ ನಿಂತಿತು. ಮೂರು ದಿನಗಳ ನಂತರ ಅವರು ಸುಖವಾಗಿ ಹೊರಟರು.

ಕಚೇರಿಯ ನಿಯಮಪುಸ್ತಕವನ್ನು ದಿನವೂ ಹಳಿಯುವ ನಾವು ಇದನ್ನು ನೆನೆಯಬೇಕು. ಕೆಲವು ನಿಯಮಗಳನ್ನು ಬರೆಸಿದ್ದು ಸಿಡಿಲು.