ಹೋರಿ ಕೊರಳಿನ ಕೊಬ್ಬರಿ, ದಿಲ್ಲಿಯ ಕಾನೂನು: ಒಂದು ಜಗಳದ ಇತಿಹಾಸ

ದೀಪಾವಳಿ ಮುಗಿದರೆ ಸಾಕು, ನನ್ನ ಫೋನಿಗೆ ಎರಡು ಥರದ ಮೆಸೇಜ್ ಬರತೊಡಗುತ್ತವೆ. ಮೊದಲನೆಯದು ಹೋರಿ ಹಬ್ಬದ ಪೋಸ್ಟರ್. ಸಿನಿಮಾ ಹೀರೋ ಥರ ಹೋರಿ ಫೋಟೊ, ಕೆಳಗೆ ಸಮಿತಿಯವರ ಹೆಸರು, ಬಹುಮಾನದ ಪಟ್ಟಿ. ‘ಸರ, ಸುದ್ದಿ ಹಾಕ್ರಿ’ ಅನ್ನುವ ಒಂದು ಸಾಲು. ಎರಡನೆಯದು ಕೆಲವು ದಿನ ಬಿಟ್ಟು ಬರುತ್ತದೆ. ‘ಹೋರಿ ತಿವಿದು ಯುವಕ ಸಾವು.’ ಅದರ ಜೊತೆ ಒಂದು ವಿಡಿಯೊ.

ಎರಡನ್ನೂ ಬರೆದಿದ್ದೇನೆ. ಮೊದಲನೆಯದಕ್ಕೆ ನಾಲ್ಕು ಕಾಲಂ, ಬಣ್ಣದ ಫೋಟೊ, ‘ಅದ್ದೂರಿ’ ಅನ್ನುವ ಶೀರ್ಷಿಕೆ ಸಿಕ್ಕಿದೆ. ಎರಡನೆಯದಕ್ಕೆ ಒಳಪುಟದಲ್ಲಿ ಆರು ಸಾಲು. ಎರಡೂ ಒಂದೇ ಅಖಾಡದ ಸುದ್ದಿ ಎಂದು ಹೇಳುವ ಮೂರನೇ ಸುದ್ದಿಯನ್ನು ನಾನು ಯಾವತ್ತೂ ಬರೆದಿಲ್ಲ. ಇದು ಅದನ್ನು ಬರೆಯುವ ಪ್ರಯತ್ನ.

ಹೋರಿ ಹಬ್ಬ, ಕಂಬಳ, ಜಲ್ಲಿಕಟ್ಟು ಅಂದ ಕೂಡಲೇ ಟಿವಿಯಲ್ಲಿ ಎರಡೇ ದನಿ ಕೇಳುತ್ತವೆ. ಒಂದು, ‘ಇದು ನಮ್ಮ ಸಂಸ್ಕೃತಿ, ಮುಟ್ಟಬೇಡಿ’. ಇನ್ನೊಂದು, ‘ಇದು ಹಿಂಸೆ, ನಿಲ್ಲಿಸಿ’. ಕೇಳಿದವರಿಗೆ ಈ ಜಗಳ ಮೊನ್ನೆ ಮೊನ್ನೆ ಯಾವುದೋ ವಿದೇಶಿ ಸಂಘಟನೆ ತಂದದ್ದು ಅನ್ನಿಸುತ್ತದೆ. ಆದರೆ ಜಗಳದ ಬುಡ ತುಂಬ ಹಿಂದಿದೆ.

ಒಬ್ಬ ನೃತ್ಯಗಾರ್ತಿ ತಂದ ಮಸೂದೆ

ಪ್ರಾಣಿಗಳಿಗೆ ಹಿಂಸೆ ಕೊಡುವುದು ಅಪರಾಧ ಎಂಬ ಕಾನೂನು ಬ್ರಿಟಿಷರ ಕಾಲದಲ್ಲೇ ಇತ್ತು. 1861ರಲ್ಲಿ ಕಲ್ಕತ್ತಾದಲ್ಲಿ ಪ್ರಾಣಿ ದಯಾ ಸಂಘ ಹುಟ್ಟಿತು. 1890ರಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬಂತು. ಆ ಕಾನೂನಿನ ಕಣ್ಣು ಹೆಚ್ಚಾಗಿ ಪೇಟೆ ಬೀದಿಯ ಮೇಲಿತ್ತು. ಭಾರ ಹೇರಿದ ಎತ್ತು, ಗಾಯವಾದ ಗಾಡಿ ಕುದುರೆ, ಇಂಥವು.

ಸ್ವಾತಂತ್ರ್ಯ ಬಂದ ಮೇಲೆ ಇದನ್ನು ಬದಲಿಸಬೇಕೆಂದು ಹಟ ಹಿಡಿದವರು ರುಕ್ಮಿಣೀದೇವಿ ಅರುಂಡೇಲ್. ಭರತನಾಟ್ಯವನ್ನು ದೊಡ್ಡ ವೇದಿಕೆಗೆ ತಂದವರು, ಚೆನ್ನೈನ ಕಲಾಕ್ಷೇತ್ರ ಕಟ್ಟಿದವರು. 1952ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಅಲ್ಲಿ ಅವರು ಪ್ರಾಣಿ ಹಿಂಸೆ ತಡೆಯಲು ತಮ್ಮದೇ ಖಾಸಗಿ ಮಸೂದೆ ಮಂಡಿಸಿದರು. 1954ರಲ್ಲಿ ಅದು ಚರ್ಚೆಗೆ ಬಂದಾಗ ಪ್ರಧಾನಿ ನೆಹರೂ, ಉದ್ದೇಶ ಒಪ್ಪಿಗೆಯೇ, ಆದರೆ ಸರ್ಕಾರವೇ ಸಮಿತಿ ಮಾಡಿ ಕಾನೂನು ತರುತ್ತದೆ, ಮಸೂದೆ ಹಿಂಪಡೆಯಿರಿ ಎಂದು ಕೇಳಿದರು. ಅವರು ಹಿಂಪಡೆದರು. ಆ ಮಾತು ಕಾನೂನಾಗಲು ಆರು ವರ್ಷ ಹಿಡಿಯಿತು. ಅದೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. 1962ರಲ್ಲಿ ಅದರಡಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು. ಮೊದಲ ಅಧ್ಯಕ್ಷೆ ರುಕ್ಮಿಣೀದೇವಿಯವರೇ.

ಆ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು, ಅನಗತ್ಯ ನೋವು ಕೊಡುವುದು ಎಲ್ಲವೂ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೇ? ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. 1960ರಲ್ಲಿ 50 ರೂಪಾಯಿಗೆ ತೂಕ ಇತ್ತು. 2023ರಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂದಾಗಲೂ ದಂಡ ಅಷ್ಟೇ ಇತ್ತು. ಮೂರು ಪ್ಲೇಟ್ ಮಿರ್ಚಿ ಭಜಿಯ ದುಡ್ಡು.

ಮೊದಲು ಕರಡಿ, ಆಮೇಲೆ ಹೋರಿ

ನಾವು ಸಣ್ಣವರಿದ್ದಾಗ ಊರಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮೂಗಿಗೆ ಹಗ್ಗ, ಕೈಯಲ್ಲಿ ಡಮರು. ಮಕ್ಕಳಿಗೆ ಜ್ವರ ಬಂದರೆ ಕರಡಿ ಕೂದಲಿನ ತಾಯತ ಕಟ್ಟಿಸುತ್ತಿದ್ದರು. ಈಗ ಅವರು ಎಲ್ಲಿ?

1960ರ ಕಾಯ್ದೆಯ 22ನೇ ಕಲಮು ಕೇಂದ್ರ ಸರ್ಕಾರಕ್ಕೆ ಒಂದು ಅಧಿಕಾರ ಕೊಡುತ್ತದೆ. ಇಂತಿಂಥ ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಅದು ಪಟ್ಟಿ ಮಾಡಬಹುದು. 1991ರಲ್ಲಿ ಮೊದಲ ಪಟ್ಟಿ ಬಂತು, ಕೋರ್ಟು ಕಚೇರಿ ಆಯಿತು. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಎಂದು ಪಟ್ಟಿ ಮತ್ತೆ ಹೊರಬಿತ್ತು. ಸರ್ಕಸ್ಸಿನವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2001ರಲ್ಲಿ ಅಲ್ಲೂ ಸೋತರು. ಕರಡಿ ಆಡಿಸುತ್ತಿದ್ದ ಕಲಂದರ್ ಕುಟುಂಬಗಳು ಒಂದೊಂದಾಗಿ ಕರಡಿ ಒಪ್ಪಿಸಿದವು. 2009ರಲ್ಲಿ ಕೊನೆಯದು ಎನ್ನಲಾದ ಕರಡಿ ಸೇರಿದ್ದು ನಮ್ಮ ಬನ್ನೇರುಘಟ್ಟಕ್ಕೆ.

ಆಗ ಯಾರೂ ‘ಸಂಸ್ಕೃತಿ ಉಳಿಸಿ’ ಎಂದು ಬೀದಿಗೆ ಬರಲಿಲ್ಲ. ಕರಡಿ ಆಡಿಸುವವರಿಗೆ ಊರಿಲ್ಲ, ಹೊಲವಿಲ್ಲ, ಓಟಿನ ಲೆಕ್ಕದಲ್ಲಿ ಅವರಿಲ್ಲ. ಕರಡಿಗೆ ಒಳ್ಳೆಯದಾಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಷೇಧ ಯಾವಾಗ ಸುಲಭ, ಯಾವಾಗ ಕಷ್ಟ ಎಂಬುದು ಪ್ರಾಣಿಯ ನೋವಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಹಿಂದೆ ಎಷ್ಟು ಜನ ನಿಂತಿದ್ದಾರೆ ಎಂಬುದರಿಂದಲೂ ಆಗುತ್ತದೆ.

2011ರ ಜುಲೈನಲ್ಲಿ ಅದೇ ಪಟ್ಟಿಗೆ ಇನ್ನೊಂದು ಹೆಸರು ಸೇರಿತು. ಹೋರಿ.

2014: ಕೋರ್ಟು ಕೊಟ್ಟ ಪೆಟ್ಟು

2014ರ ಮೇ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಪೀಠ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಪ್ರಕರಣದಲ್ಲಿ ಪೆಟಾ ಸಂಸ್ಥೆ ಇತ್ತು ನಿಜ. ಆದರೆ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ, ಅಂದರೆ ರುಕ್ಮಿಣೀದೇವಿ ಕಾಲದಲ್ಲಿ ನಮ್ಮ ಸರ್ಕಾರವೇ ಕಟ್ಟಿದ ಮಂಡಳಿ. ಟಿವಿಯಲ್ಲಿ ಇದನ್ನು ಹೇಳುವವರು ಕಡಿಮೆ.

ಬಾಲ ತಿರುಚುವುದು, ಕೋಲಿನಿಂದ ತಿವಿಯುವುದು, ಕಣ್ಣಿಗೆ ಉರಿ ಬರುವಂಥದ್ದು ಹಾಕುವುದು, ಸಾರಾಯಿ ಕುಡಿಸುವುದು ಹೀಗೆ ಮಂಡಳಿಯ ತನಿಖೆದಾರರು ಕಂಡದ್ದನ್ನು ತೀರ್ಪಿನಲ್ಲಿ ಬರೆಯಲಾಗಿದೆ. ಪ್ರಾಣಿಗೆ ಐದು ಸ್ವಾತಂತ್ರ್ಯಗಳಿವೆ ಎಂದೂ ಕೋರ್ಟು ಹೇಳಿತು. ಹಸಿವು ಬಾಯಾರಿಕೆ ಇರಬಾರದು. ಇರಲು ತಕ್ಕ ಜಾಗ ಬೇಕು. ನೋವು, ಗಾಯ, ರೋಗ ಇರಬಾರದು. ಭಯ ಇರಬಾರದು. ಸಹಜವಾಗಿ ಬದುಕಲು ಬಿಡಬೇಕು.

ನಾಲ್ಕನೆಯದನ್ನು ಓದಿ ನಾನು ನಿಂತೆ. ನಮ್ಮ ಹಬ್ಬದ ಪೂರ್ತಿ ಹೆಸರೇ ‘ಹೋರಿ ಬೆದರಿಸುವ ಸ್ಪರ್ಧೆ’.

ಅದೇ ತೀರ್ಪಿನಲ್ಲಿ, ಹೋರಿಯ ಮೈಕಟ್ಟು ಕುದುರೆಯಂತೆ ಓಟಕ್ಕೆ ಆದದ್ದಲ್ಲ ಎಂಬ ಮಾತೂ ಇದೆ. ಊರಿನವರಿಗೆ ಸಿಟ್ಟು ಬಂದದ್ದು ಇಲ್ಲಿ. ನಮ್ಮ ಕಡೆ ಹೋರಿ ಸಾಕುವ ಹಿರಿಯರೊಬ್ಬರು ನನಗೆ ಹೇಳಿದ್ದರು: ‘ನಾ ಒಂದ್ ಹೊತ್ತು ಕಡಿಮಿ ಉಂಡು ಅದಕ್ಕ ಹಿಂಡಿ, ಹತ್ತಿಕಾಳು ಹಾಕೇನ್ರಿ. ಬೆಂಗಳೂರಾಗ ರೊಕ್ಕ ಕಟ್ಟಿ ಕುದುರಿ ಓಡಸೂದು ನಡೀತೈತಿ. ನನಗ ಕ್ರೂರಿ ಅಂತಾರ.’ ಅವರಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಮರೀನಾದಿಂದ ಕದ್ರಿಯವರೆಗೆ

ಆಮೇಲೆ ರಾಜಕೀಯ ಇಳಿಯಿತು. ತಮಿಳುನಾಡು ಚುನಾವಣೆಗೆ ಕೆಲವೇ ತಿಂಗಳಿದ್ದಾಗ, 2016ರ ಜನವರಿ 7ರಂದು, ಬಿಜೆಪಿ ನೇತೃತ್ವದ ಕೇಂದ್ರ ಸರ್ಕಾರ ಜಲ್ಲಿಕಟ್ಟಿಗೂ ಕರ್ನಾಟಕ ಸೇರಿ ಕೆಲವು ರಾಜ್ಯಗಳ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು. ಐದೇ ದಿನಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೂ ತಡೆ ಕೊಟ್ಟಿತು. ಕರಾವಳಿಯ ಗದ್ದೆಗಳಲ್ಲಿ ಕೋಣ ತಯಾರಾಗಿ ನಿಂತ ಹೊತ್ತು ಅದು.

2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರ ತುಂಬಿತು. ಕಾಲೇಜು ಹುಡುಗ ಹುಡುಗಿಯರು, ಸಾಫ್ಟ್‌ವೇರ್ ನೌಕರರು, ರೈತರು. ಕರೆದದ್ದು ಯಾವ ಪಕ್ಷವೂ ಅಲ್ಲ, ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್. ಜನವರಿ 21ಕ್ಕೆ ಸುಗ್ರೀವಾಜ್ಞೆ ಬಂತು. 23ರಂದು ಪೊಲೀಸರು ಜನರನ್ನು ಎಬ್ಬಿಸುವಾಗ ಗಲಭೆಯಾಯಿತು, ಅದೇ ಸಂಜೆ ವಿಧಾನಸಭೆ ಮಸೂದೆ ಪಾಸು ಮಾಡಿತು. ನಮ್ಮಲ್ಲೂ ಕಂಬಳಕ್ಕಾಗಿ ಮಂಗಳೂರು, ಮೂಡುಬಿದಿರೆ ಕಡೆ ಜನ ಬೀದಿಗಿಳಿದರು. ಫೆಬ್ರುವರಿ 13ರಂದು ಕರ್ನಾಟಕ ವಿಧಾನಸಭೆ ತಿದ್ದುಪಡಿ ಒಪ್ಪಿತು. ಕಂಬಳದ ಜೊತೆ ಹೋರಿ ಓಟ, ಗಾಡಿ ಓಟವೂ ಅದರಲ್ಲಿ ಸೇರಿದವು. ನಮ್ಮ ಬಯಲುಸೀಮೆಯ ಹಬ್ಬಕ್ಕೆ ನೆರಳು ಸಿಕ್ಕಿದ್ದು ಹೀಗೆ, ಕರಾವಳಿಯವರ ಹೋರಾಟದ ಬೆನ್ನಿಗೆ.

ಒಂದು ಸಂಗತಿ ಗಮನಿಸಿ. 2011ರಲ್ಲಿ ಹೋರಿಯನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದು ಕಾಂಗ್ರೆಸ್ ನೇತೃತ್ವದ ಕೇಂದ್ರ ಸರ್ಕಾರ. 2017ರಲ್ಲಿ ಕಂಬಳ ಉಳಿಸುವ ಮಸೂದೆ ತಂದದ್ದು ಕಾಂಗ್ರೆಸ್ಸಿನದೇ ರಾಜ್ಯ ಸರ್ಕಾರ, ವಿರೋಧ ಪಕ್ಷಗಳೂ ಮೇಜು ಕುಟ್ಟಿ ಒಪ್ಪಿದವು. ಪ್ರಾಣಿ ಅದೇ, ಕಾಯ್ದೆ ಅದೇ. ಬದಲಾದದ್ದು ಜನರ ಗದ್ದಲ.

ಕೋಣ ಕಾಣೆಯಾದ ಸುದ್ದಿ

ನಮ್ಮ ಮಾಧ್ಯಮದವರ ಕಥೆಯನ್ನೂ ಹೇಳಬೇಕು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ ಸಾಕಾಯಿತು. ದೇಶವೆಲ್ಲ ಸುದ್ದಿ. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆಸುತ್ತೇವೆ ಎಂದರು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಗೌಡರು ಮಾತ್ರ, ಕಂಬಳವೇ ಬೇರೆ, ಟ್ರ್ಯಾಕೇ ಬೇರೆ ಎಂದು ವಿನಯದಿಂದ ಬೇಡವೆಂದರು. ಇಡೀ ಗದ್ದಲದಲ್ಲಿ ಸರಿಯಾದ ಮಾತಾಡಿದ್ದು ಅವರೊಬ್ಬರೇ.

ಆ ಓಟದಲ್ಲಿ ಗೌಡರ ಮುಂದೆ ಎರಡು ಕೋಣಗಳು ಓಡುತ್ತಿದ್ದವು, ಅವರ ವೇಗದಲ್ಲಿ ಕೋಣಗಳ ಪಾಲೂ ಇತ್ತು. ಮೂರು ವರ್ಷ ಹಿಂದೆ ಕೋಣದ ಬೆನ್ನಿನ ಬರೆ ತೋರಿಸಿದ್ದ ಚಾನೆಲ್‌ಗಳಲ್ಲಿ ಈಗ ಕೋಣವೇ ಇಲ್ಲ. ಹಿಂಸೆಯ ಸುದ್ದಿಯಲ್ಲಿ ಸಾಕಿದ ಮನುಷ್ಯ ಕಾಣುವುದಿಲ್ಲ. ಹೆಮ್ಮೆಯ ಸುದ್ದಿಯಲ್ಲಿ ಪ್ರಾಣಿ ಕಾಣುವುದಿಲ್ಲ.

2023: ಗೆದ್ದವರು ಯಾರು?

2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇದು ಸಂಸ್ಕೃತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಶಾಸನಸಭೆಯ ಕೆಲಸ ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ಊರೂರಲ್ಲಿ ಪಟಾಕಿ ಹಾರಿದವು.

ಆದರೆ ಆ ತೀರ್ಪನ್ನು ಪೂರ್ತಿ ಓದಿ. ಕೋರ್ಟು ‘ಹೇಗೆ ಬೇಕಾದರೂ ಮಾಡಿ’ ಎಂದು ಹೇಳಿಲ್ಲ. ತಿದ್ದುಪಡಿ ಮತ್ತು ನಿಯಮಗಳಿಂದ ನೋವು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಹಿಂದಿನ ಆಟ ಈಗಿಲ್ಲ ಎಂಬ ನಂಬಿಕೆಯ ಮೇಲೆ ಒಪ್ಪಿಗೆ ಕೊಟ್ಟಿದೆ. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದೆ. ಅಂದರೆ ನಮಗೆ ಸಿಕ್ಕಿದ್ದು ಷರತ್ತಿನ ಮೇಲಿನ ಪರವಾನಗಿ.

ನಾನು ನೋಡಿದ ಅಖಾಡಗಳಲ್ಲಿ ಆ ಷರತ್ತು ಪಾಲನೆಯಾದದ್ದು ಕಡಿಮೆ. ಓಣಿಯಷ್ಟು ಅಗಲದ ದಾರಿ. ಎರಡೂ ಕಡೆ ತಡೆಗೋಡೆ ಇಲ್ಲ, ಇದ್ದರೆ ಒಂದು ಸರವೆ ಕಟ್ಟಿಗೆ. ಜನ ಟ್ರಾಕ್ಟರ್ ಟ್ರೇಲರ್ ಮೇಲೆ, ಮಾಳಿಗೆ ಮೇಲೆ, ದಾರಿಯ ನಡುವೆ. ಹಲಗೆ ಸದ್ದು, ಡಿಜೆ, ಪಟಾಕಿ. ಕೊಬ್ಬರಿ ಹಾರ ಹಾಕಿಸಿಕೊಂಡ ಹೋರಿ ಆ ಸದ್ದಿಗೆ ಹೆದರಿ ಎತ್ತಲೋ ನುಗ್ಗುತ್ತದೆ. ಸಾಯುವವನು ಅನೇಕ ಸಲ ಹೋರಿ ಹಿಡಿಯುವ ಪೈಲ್ವಾನನಲ್ಲ, ಮೊಬೈಲ್ ಹಿಡಿದು ನೋಡಲು ನಿಂತವನು. ಮರುದಿನ ಸಮಿತಿಯವರ ಫೋನು ಸ್ವಿಚ್ ಆಫ್. ಅನುಮತಿ ಕೇಳಿದ್ದರೋ ಇಲ್ಲವೋ ಎಂಬ ಪ್ರಶ್ನೆಗೆ ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸುತ್ತದೆ. ಒಮ್ಮೆ ಹಾಗೆ ಮಗ ತೀರಿಕೊಂಡ ಮನೆಗೆ ಹೋಗಿದ್ದೆ. ಅವನ ತಾಯಿ ಪೆಟಾ ಎಂಬ ಹೆಸರು ಕೇಳಿರಲಿಲ್ಲ, ಸುಪ್ರೀಂ ಕೋರ್ಟಿನ ಯಾವ ತೀರ್ಪೂ ಅವರಿಗೆ ಗೊತ್ತಿರಲಿಲ್ಲ. ‘ಅಲ್ಲಿ ಒಂದು ಬೇಲಿ ಇದ್ದಿದ್ರ ಆಗ್ತಿತ್ತಲ್ಲೋ ತಮ್ಮಾ’ ಅಂದರು.

ಹೋರಿ ಹಬ್ಬ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಟ್ರಾಕ್ಟರ್ ಬಂದ ಮೇಲೆ ಹಟ್ಟಿಗಳು ಖಾಲಿಯಾದ ನಮ್ಮ ಊರುಗಳಲ್ಲಿ ಹಬ್ಬದ ನೆಪದಲ್ಲಾದರೂ ಹೋರಿ ಉಳಿದಿದೆ, ಇದು ಸುಳ್ಳಲ್ಲ. ಆದರೆ ಹಿಂಸೆ ಆಗುತ್ತದೆ ಎಂದು ದೂರು ಕೊಟ್ಟವರನ್ನೆಲ್ಲ ಊರಿನ ವೈರಿ ಎನ್ನುವುದನ್ನು ಬಿಡಬೇಕು. ಮೊದಲು ದೂರು ಕೊಟ್ಟವರು ಈ ದೇಶದ ನೃತ್ಯಗಾರ್ತಿ. ಸಾರಾಯಿ ಕುಡಿಸಬೇಡಿ, ತಿವಿಯಬೇಡಿ ಎಂಬ ಮಾತನ್ನು ನಿಜವಾಗಿ ಹೋರಿ ಸಾಕುವವನು ಎಂದೂ ವಿರೋಧಿಸಿಲ್ಲ.

ಬರುವ ದೀಪಾವಳಿಗೆ ಪೋಸ್ಟರ್ ಕಳಿಸುವ ಸಮಿತಿಯವರಿಗೆ ನನ್ನದೊಂದು ವಿನಂತಿ. ಬಹುಮಾನದ ಪಟ್ಟಿಯ ಜೊತೆ ಇನ್ನು ನಾಲ್ಕು ಸಾಲು ಕಳಿಸಿ: ಅನುಮತಿ ಪಡೆದ ದಿನಾಂಕ, ಎರಡೂ ಬದಿ ಗಟ್ಟಿ ಬೇಲಿ ಎಷ್ಟು ದೂರ ಇದೆ, ಪಶು ವೈದ್ಯರು ಬರುತ್ತಾರೋ ಇಲ್ಲವೋ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ. ಆ ನಾಲ್ಕು ಸಾಲನ್ನು ನಾನು ಸುದ್ದಿಯ ಮೊದಲ ಪ್ಯಾರಾದಲ್ಲೇ ಹಾಕುತ್ತೇನೆ. ಕಳಿಸದಿದ್ದರೆ, ಕಳಿಸಿಲ್ಲ ಎಂದು ಹಾಕುತ್ತೇನೆ.