ತೇಲುವ ರೈಲು ಮತ್ತು ನಮ್ಮ ಸೀಮೆಯ ಹಳಿ

ಈ ಶಾಲೆಯ ಒಂಬತ್ತನೇ ತರಗತಿಯಲ್ಲಿ ಕಂಡ ಒಂದು ಪ್ರಯೋಗ ನನಗೆ ಇನ್ನೂ ಮರೆತಿಲ್ಲ. ನಮ್ಮ ವಿಜ್ಞಾನದ ಗುರುಗಳು ಹಾಳಾದ ರೇಡಿಯೋ ಸ್ಪೀಕರುಗಳಿಂದ ಬಿಚ್ಚಿದ ಎರಡು ಬಳೆಯಾಕಾರದ ಅಯಸ್ಕಾಂತಗಳನ್ನು ತಂದು ಒಂದು ಮರದ ಕೋಲಿಗೆ ಪೋಣಿಸಿದರು. ಮೇಲಿನದು ಕೆಳಗಿನದನ್ನು ಮುಟ್ಟದೆ ಗಾಳಿಯಲ್ಲಿ ನಿಂತಿತು. "ಸರ, ಕೋಲು ತಗದ್ರ ಏನಾಗ್ತೈತ್ರಿ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. "ತಗದು ನೋಡಪ್ಪ" ಎಂದರು. ತೆಗೆದೊಡನೆ ಮೇಲಿನ ಬಳೆ ಮಗುಚಿ ಟಪ್ಪೆಂದು ಕೆಳಗಿನದಕ್ಕೆ ಅಂಟಿತು.

ಹೀಗೆ ಏಕೆ ಆಗುತ್ತದೆಂಬುದನ್ನು ಸ್ಯಾಮ್ಯುಯೆಲ್ ಅರ್ನ್‌ಷಾ ಎಂಬ ಇಂಗ್ಲೆಂಡಿನ ಗಣಿತಜ್ಞರು 1842ರಲ್ಲೇ ತೋರಿಸಿದ್ದರು. ಬರೀ ಸ್ಥಿರ ಅಯಸ್ಕಾಂತಗಳಿಂದ ವಸ್ತುವೊಂದನ್ನು ಅಲುಗದಂತೆ ತೇಲಿಸಿ ನಿಲ್ಲಿಸಲಾಗದು, ಏನಾದರೊಂದು ಆಸರೆ ಬೇಕು. ಕಾಂತಬಲದಿಂದ ತೇಲುವ ಮ್ಯಾಗ್ಲೆವ್ ರೈಲಿನ ಇತಿಹಾಸವೆಂದರೆ ಆ ಕೋಲಿನ ಬದಲಿಗೆ ಬೇರೆ ಆಸರೆ ಹುಡುಕಿದ ಇತಿಹಾಸ.

ಜರ್ಮನಿಯ ಹರ್ಮನ್ ಕೆಂಪರ್ ಅವರಿಗೆ 1934ರಲ್ಲಿ ಇದರ ಪೇಟೆಂಟ್ ದೊರೆಯಿತು. ಜರ್ಮನ್ ಪದ್ಧತಿಯಲ್ಲಿ ವಿದ್ಯುತ್ಕಾಂತಗಳು ರೈಲನ್ನು ಕೆಳಗಿನಿಂದ ಪಥದತ್ತ ಎಳೆದು ಎತ್ತುತ್ತವೆ. ನಡುವಿನ ಸಂದು ಸುಮಾರು 1 ಸೆಂ.ಮೀ. ಸಂದು ಹೆಚ್ಚುಕಡಿಮೆಯಾದ ಕ್ಷಣವೇ ವಿದ್ಯುತ್ತನ್ನು ಏರಿಸಿ ಇಳಿಸುವ ನಿಯಂತ್ರಣವೇ ಅಲ್ಲಿ ಆಸರೆ. ಜಪಾನಿನ ಪದ್ಧತಿಯಲ್ಲಿ ಅತಿಶೀತದಲ್ಲಿಟ್ಟ ಅತಿವಾಹಕ ಅಯಸ್ಕಾಂತಗಳಿವೆ. ರೈಲು ಓಡಿದಾಗ ಪಕ್ಕದ ಗೋಡೆಯ ಸುರುಳಿಗಳಲ್ಲಿ ವಿದ್ಯುತ್ ಹುಟ್ಟಿ, ಅದು ರೈಲನ್ನು ಸುಮಾರು 10 ಸೆಂ.ಮೀ. ಎತ್ತುತ್ತದೆ. ನಿಧಾನವಾದರೆ ಎತ್ತುವ ಬಲವೂ ಸಾಲದು, ಆಗ ರಬ್ಬರ್ ಚಕ್ರಗಳೇ ಗತಿ.

1984ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಸುಮಾರು 600 ಮೀಟರಿನ ಮಾರ್ಗ ಆರಂಭವಾಯಿತು. ಅಂಥ ರೈಲು ಬೇರೆಲ್ಲೂ ಇಲ್ಲದ್ದರಿಂದ ಬಿಡಿಭಾಗ ಸಿಗುವುದು ಕಷ್ಟವಾಗಿ 1995ರಲ್ಲಿ ನಿಂತುಹೋಯಿತು. ಬರ್ಲಿನ್–ಹ್ಯಾಂಬರ್ಗ್ ಯೋಜನೆಯನ್ನು ಜರ್ಮನಿ 2000ದಲ್ಲಿ ಕೈಬಿಟ್ಟಿತು. ಅಲ್ಲಿಯ ಎಮ್ಸ್‌ಲ್ಯಾಂಡ್ ಪರೀಕ್ಷಾ ಮಾರ್ಗದಲ್ಲಿ 2006ರಲ್ಲಿ ಪಥದ ಮೇಲೆ ಉಳಿದಿದ್ದ ದುರಸ್ತಿ ವಾಹನಕ್ಕೆ ರೈಲು ಬಡಿದು 23 ಜನ ಸತ್ತರು. ಕಾಂತ ಕೈಕೊಡಲಿಲ್ಲ, ಮನುಷ್ಯರ ಎಚ್ಚರ ತಪ್ಪಿತ್ತು. ಚೀನಾದ ಶಾಂಘೈಯಲ್ಲಿ ಮಾತ್ರ 30 ಕಿ.ಮೀ. ಮಾರ್ಗದಲ್ಲಿ ರೈಲು ಗಂಟೆಗೆ 431 ಕಿ.ಮೀ. ವೇಗದಲ್ಲಿ ಪ್ರಯಾಣಿಕರನ್ನು ಒಯ್ದಿತು. ಜಪಾನಿನ ರೈಲು 2015ರ ಏಪ್ರಿಲ್ 21ರಂದು 603 ಕಿ.ಮೀ. ವೇಗದ ದಾಖಲೆ ಮಾಡಿತು. ಆದರೆ ಟೋಕಿಯೋ–ನಗೋಯಾ ಮಾರ್ಗ 2027ಕ್ಕೆ ಸಿದ್ಧವಾಗಬೇಕಾದದ್ದು ಮುಂದೆ ಹೋಗಿದೆ. ನಮ್ಮ ದೇಶದಲ್ಲಿ ಬಿಎಚ್‌ಇಎಲ್ 2020ರಲ್ಲಿ ಸ್ವಿಸ್‌ರ್ಯಾಪಿಡ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು.

ಈಗ ನಮ್ಮ ಸೀಮೆಗೆ ಬರೋಣ. ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಜಿಲ್ಲಾ ಕೇಂದ್ರಕ್ಕೆ ಅಷ್ಟು ಬೇಗ ಬಂದ ರೈಲು ಅದೇ ಜಿಲ್ಲೆಯ ಸಿಂಧನೂರಿಗೆ ಬಂದದ್ದು 2024ರ ಮಾರ್ಚಿನಲ್ಲಿ. ನಡುವೆ 153 ವರ್ಷ. ಗಿಣಿಗೇರಾ–ಮೆಹಬೂಬನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ಮುಟ್ಟಲು ಕಾಲು ಶತಮಾನ ಮೀರಿತು. ಆ ಕಡೆಯಿಂದ ಜಕ್ಲೇರ್–ಕೃಷ್ಣಾ ಭಾಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಸಿಂಧನೂರಿನಿಂದ ರಾಯಚೂರಿನವರೆಗಿನ ಹಳಿ ಕೂಡಿದರೆ ಮಾತ್ರ ಸರಪಳಿ ಪೂರ್ತಿಯಾದೀತು. ಲಿಂಗಸೂಗೂರಿನ ಕಣ್ಣು ಗದಗ–ವಾಡಿ ಮಾರ್ಗದ ಮೇಲಿದೆ. ಅದರ ರೈಲು 2025ರ ಮೇ 15ರಂದು ಕುಷ್ಟಗಿಯವರೆಗೆ ಬಂತು. ಮಸ್ಕಿ ಈ ಎರಡು ಮಾರ್ಗಗಳ ನಡುವೆ ಉಳಿದಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿ ಕಂಡ ಶಾಸನ 'ದೇವಾನಾಂಪ್ರಿಯ' ಅಶೋಕನೇ ಎಂಬುದನ್ನು ಜಗತ್ತಿಗೆ ತಿಳಿಸಿತು. ಅಂಥ ಊರಿಗೆ ಹೋಗಲು ಇಂದಿಗೂ ಬಸ್ಸೇ ಆಧಾರ.

"ನಮಗೂ ತೇಲುವ ರೈಲು ಬರುತ್ತದೆಯೇ?" ಎಂದು ಮಕ್ಕಳು ನನ್ನನ್ನು ಕೇಳುತ್ತಾರೆ. ಸದ್ಯಕ್ಕೆ ಬೇಡ ಎನ್ನುವುದೇ ನನ್ನ ಪ್ರಾಮಾಣಿಕ ಉತ್ತರ. ಮ್ಯಾಗ್ಲೆವ್ ರೈಲು ಬೇರೆ ಹಳಿಯ ಮೇಲೆ ಓಡದು, ಬೇರೆ ರೈಲು ಅದರ ಪಥದ ಮೇಲೆ ಓಡದು. ಊರೂರಿಗೆ ನಿಂತರೆ ವೇಗದ ಲಾಭವೇ ಇಲ್ಲ. ಸಿಂಧನೂರಿನ ಭತ್ತ, ಅಕ್ಕಿಗೆ ಬೇಕಾದದ್ದು ಗೂಡ್ಸ್ ಗಾಡಿ. ಮೇಲಾಗಿ ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ಸೆಂಟಿಮೀಟರಿನ ಲೆಕ್ಕದ ಪಥ ಅಲುಗದಂತೆ ನಿಲ್ಲಿಸುವುದು ಬಹಳ ಖರ್ಚಿನ ಕೆಲಸ.

ಆದರೆ ಬೇಡ ಎಂದದ್ದು ರೈಲಿಗೆ, ವಿದ್ಯೆಗೆ ಅಲ್ಲ. ಹಳಿಗಾಗಿ ನಮ್ಮ ರೈತರು ಪಿತ್ರಾರ್ಜಿತ ಹೊಲ ಬಿಟ್ಟುಕೊಟ್ಟಿದ್ದಾರೆ. ಆ ಹಳಿಯ ಮೇಲೆ ಅವರ ಮಕ್ಕಳು ಕೂಲಿ ಹುಡುಕಿ ಗುಳೆ ಹೋಗುವುದಷ್ಟೇ ಆದರೆ ಅದು ನಷ್ಟದ ವ್ಯಾಪಾರ. ಓದಲು ಹೋಗಿ, ಎಂಜಿನಿಯರಾಗಿ ಮರಳಿದರೆ ಕೊಟ್ಟ ಹೊಲಕ್ಕೆ ಬೆಲೆ ಬಂದಂತೆ.

ಐವತ್ತು ವರ್ಷಗಳಲ್ಲಿ ಈ ಶಾಲೆ ಮಾಡಿದ್ದೂ ಆ ಕೋಲಿನ ಕೆಲಸವನ್ನೇ. ಎತ್ತುವ ಬಲ ಮಕ್ಕಳಲ್ಲಿಯೇ ಇತ್ತು, ಮಗುಚದಂತೆ ಆಸರೆಯಾದವರು ಗುರುಗಳು. ಸಾಧ್ಯವಾದರೆ ಪ್ರಯೋಗಾಲಯಕ್ಕೆ ಎರಡು ಅಯಸ್ಕಾಂತಗಳನ್ನು ಕೊಡಿ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ. ಕೋಲು ತೆಗೆದರೆ ಏನಾಗುತ್ತದೆಂದು ಕೇಳುವ ಹುಡುಗರೂ ಹುಡುಗಿಯರೂ ಈಗಲೂ ಹಿಂದಿನ ಬೆಂಚಿನಲ್ಲಿ ಇದ್ದಾರೆ.